ಸತ್ಯಾಂಶ: ಪಸ್ಕ ಹಬ್ಬದಲ್ಲಿ ಗೋಧಿ ವರ್ಜ್ಯವೇ?

‘ಪಸ್ಕ ಹಬ್ಬದಲ್ಲಿ ಯಹೂದಿಗಳು ಗೋಧಿ ಮುಟ್ಟುವುದಿಲ್ಲ, ಅವರ ಹಬ್ಬದಡುಗೆಯೆಲ್ಲ ಗ್ಲುಟನ್‌ರಹಿತ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಇಲ್ಲದ್ದು)’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನಿಷೇಧವಿರುವುದು ಹುದುಗಿದ ಧಾನ್ಯಕ್ಕೆ. ಹಬ್ಬದೂಟದ ಮುಖ್ಯ ತಿನಿಸಾದ ಮಾತ್ಸಾ ಎಂಬ ಹುಳಿಯಿಲ್ಲದ ರೊಟ್ಟಿಯನ್ನು ಸಾಮಾನ್ಯವಾಗಿ ಗೋಧಿಹಿಟ್ಟಿನಿಂದಲೇ ಮಾಡುತ್ತಾರೆ. ಹಿಟ್ಟಿಗೆ ನೀರು ಬಿದ್ದ 18 ನಿಮಿಷಗಳೊಳಗೆ ಅದನ್ನು ಬೇಯಿಸಬೇಕು. ತಡವಾದರೆ ಹುಳಿಯಿತೆಂದೇ ಲೆಕ್ಕ. ನಾದಿ, ಮುಚ್ಚಿಟ್ಟು, ನೆನೆಯಲು ಬಿಡುವ ನಮ್ಮ ಚಪಾತಿ ಹಿಟ್ಟು ಅಲ್ಲಿ ತೇರ್ಗಡೆಯಾಗದು! ಕೋಳಿ ಸಾರಿನಲ್ಲಿ ತೇಲುವ ಮೃದುವಾದ ಉಂಡೆಗಳೂ ಮಾತ್ಸಾ ಪುಡಿಗೆ ಮೊಟ್ಟೆ ಬೆರೆಸಿ ಮಾಡಿದವೇ. ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರು ಈ ಸಂದೇಶ ನಂಬಿ ತಿಂದರೆ ತೊಂದರೆ ತಪ್ಪದು. ಅಂಥವರಿಗೆ ಗ್ಲುಟನ್‌ರಹಿತ ಓಟ್ಸ್‌ನ ಮಾತ್ಸಾ ಬೇರೆಯಾಗಿಯೇ ಸಿಗುತ್ತದೆ. ಅಕ್ಕಿಯ ಕಥೆ ಇನ್ನೊಂದು: ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಅನೇಕರು ಹಬ್ಬದಲ್ಲಿ ಅದನ್ನು ಬಿಡುತ್ತಾರೆ, ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ಡಿ ಯಹೂದಿಗಳಲ್ಲಿ ಅನೇಕರು ನಿಶ್ಚಿಂತೆಯಿಂದ ಅನ್ನ ಉಣ್ಣುತ್ತಾರೆ.