ಮೂಟೆ ಎಣಿಸುವವರು ಯಾರು?

ಬಿ.ಕಾಂ. ತರಗತಿಯಲ್ಲಿ ಲೆಕ್ಕಪರಿಶೋಧನೆಯನ್ನು ಓದಿದ ಎಲ್ಲರಿಗೂ 1896ರ ಕಿಂಗ್‌ಸ್ಟನ್ ಕಾಟನ್ ಮಿಲ್ ಮೊಕದ್ದಮೆ ಬಾಯಿಪಾಠವಾಗಿರುತ್ತದೆ. ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಎಂದು ನ್ಯಾಯಮೂರ್ತಿ ಲೋಪ್ಸ್ ಹೇಳಿದ ಮಾತನ್ನು ಬರೆದು ಕೆಳಗೊಂದು ಗೆರೆ ಎಳೆದರೆ ಐದು ಅಂಕ ಖಚಿತ ಎಂಬ ನಂಬಿಕೆ, ಶಿವಮೊಗ್ಗದಲ್ಲಿ ನಾನು ಓದುತ್ತಿದ್ದಾಗಲೂ ಇತ್ತು. ಆದರೆ ಆ ಮೊಕದ್ದಮೆ ಯಾವುದರ ಬಗ್ಗೆ ಎಂದು ಕೇಳಿದ್ದರೆ ತರಗತಿಯ ಅರ್ಧದಷ್ಟು ಮಂದಿ ತಡವರಿಸುತ್ತಿದ್ದರು. ಅದು ದಾಸ್ತಾನಿನ ಬಗ್ಗೆ. ಗಿರಣಿಯ ಮ್ಯಾನೇಜರನು ಹತ್ತಿ ಮತ್ತು ನೂಲಿನ ದಾಸ್ತಾನನ್ನು ವರ್ಷಗಟ್ಟಲೆ ಉಬ್ಬಿಸಿ ತೋರಿಸಿದ್ದ. ಆಡಿಟರುಗಳು ಗೋದಾಮಿಗೆ ಕಾಲಿಡದೆ, ಅವನು ಸಹಿ ಮಾಡಿ ಕೊಟ್ಟ ದಾಸ್ತಾನಿನ ಪ್ರಮಾಣಪತ್ರವನ್ನೇ ಒಪ್ಪಿಕೊಂಡಿದ್ದರು. ನಂಬಿಕಸ್ಥನೆಂದು ಹೆಸರಾದ ಅಧಿಕಾರಿಯ ಮಾತನ್ನು ನಂಬಿದ್ದು ತಪ್ಪಲ್ಲ ಎಂದು ನ್ಯಾಯಾಲಯ ಅವರನ್ನು ಬಿಟ್ಟಿತು.

ಶಿವಮೊಗ್ಗದ ಒಂದು ಸಣ್ಣ ಆಡಿಟ್ ಕಚೇರಿಯಲ್ಲಿ ಮೂರು ವರ್ಷ, ಸಿ.ಎ. ವಿದ್ಯಾರ್ಥಿಗಳ ಕೆಲಸದ ತರಬೇತಿಯಾದ ಆರ್ಟಿಕಲ್‌ಶಿಪ್ ಮಾಡಿ, ಈಗ ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಇದೇ ವೃತ್ತಿಯಲ್ಲಿರುವ ನನಗೆ, ಎರಡೂ ಕಡೆಯ ಲೆಕ್ಕಪರಿಶೋಧನೆಯ ನಡುವಿನ ವ್ಯತ್ಯಾಸವೇನು ಎಂಬ ಪ್ರಶ್ನೆ ಊರಿಗೆ ಬಂದಾಗಲೆಲ್ಲ ಎದುರಾಗುತ್ತದೆ. ಮಾನದಂಡಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಭಾರತದ ಆಡಿಟಿಂಗ್ ಮಾನದಂಡಗಳು ಅಂತರರಾಷ್ಟ್ರೀಯ ಮಾನದಂಡಗಳನ್ನು ಆಧರಿಸಿ ರಚಿತವಾದವು. ಸಂಖ್ಯೆಗಳು ಸಹ ಬಹುಮಟ್ಟಿಗೆ ಅವೇ. ದಾಸ್ತಾನಿನ ಮೊತ್ತ ದೊಡ್ಡದಿದ್ದರೆ ಎಣಿಕೆಯ ವೇಳೆ ಆಡಿಟರ್ ಖುದ್ದು ಹಾಜರಿರಬೇಕೆಂದು ಅಲ್ಲಿಯೂ ಇಲ್ಲಿಯೂ 501ನೆಯ ಮಾನದಂಡ ಹೇಳುತ್ತದೆ. ಹಾಗಿದ್ದೂ ನಮ್ಮ ಊರುಗಳ ಸಣ್ಣ ಕಚೇರಿಗಳಲ್ಲಿ ಕಲಿಯುವ ವಿದ್ಯಾರ್ಥಿ ಇಂದಿಗೂ 1896ರಲ್ಲಿಯೇ ಇದ್ದಾನೆ ಎಂಬುದು ನನ್ನ ಅನಿಸಿಕೆ. ಅದಕ್ಕೆ ಕಾರಣ ಅವನ ಸೋಮಾರಿತನವಲ್ಲ, ಅವನ ಗುರುಗಳ ಅಜ್ಞಾನವೂ ಅಲ್ಲ. ನಮ್ಮ ಕಾನೂನು ಮತ್ತು ನಮ್ಮ ಕ್ಯಾಲೆಂಡರು.

ಜಗತ್ತು ಆ ತೀರ್ಪಿನಿಂದ ಮುಂದಕ್ಕೆ ಬಂದದ್ದು ಅಮೆರಿಕದ ಒಂದು ಹಗರಣದ ನಂತರ. 1938ರ ಕೊನೆಯಲ್ಲಿ ಮೆಕೆಸನ್ ಆಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಸುಮಾರು 1.9 ಕೋಟಿ ಡಾಲರ್ ಮೌಲ್ಯದ ದಾಸ್ತಾನು ಮತ್ತು ಬರಬೇಕಾದ ಬಾಕಿಗಳು ಕಾಗದದ ಮೇಲೆ ಮಾತ್ರ ಇದ್ದವೆಂದು ಬಯಲಾಯಿತು. ಮರುವರ್ಷವೇ ಅಲ್ಲಿನ ಲೆಕ್ಕಿಗರ ಸಂಸ್ಥೆ ಎರಡು ಕೆಲಸಗಳನ್ನು ಆಡಿಟರಿನ ಮಾಮೂಲಿ ಕರ್ತವ್ಯವೆಂದು ಗೊತ್ತುಮಾಡಿತು: ದಾಸ್ತಾನು ಎಣಿಸುವಲ್ಲಿ ನಿಂತು ನೋಡುವುದು, ಬಾಕಿದಾರರಿಂದ ನೇರವಾಗಿ ದೃಢೀಕರಣ ಪಡೆಯುವುದು. ಕಂಪನಿಯವರು ತೋರಿಸುವ ಕಾಗದಕ್ಕಿಂತ ತಾನೇ ಕಂಡದ್ದು ಮತ್ತು ಹೊರಗಿನವರಿಂದ ನೇರ ಬಂದದ್ದು ಹೆಚ್ಚು ಗಟ್ಟಿ ಎಂಬ, ಇಂದು ಎಲ್ಲ ಪಠ್ಯಗಳಲ್ಲೂ ಇರುವ ತತ್ತ್ವಕ್ಕೆ ಬಲ ಬಂದದ್ದು ಅಲ್ಲಿಂದ.

ಈ ತತ್ತ್ವ ನನಗೆ ತಿಳಿದದ್ದು ಪಠ್ಯದಿಂದಲ್ಲ. ಒಂದು ಮಾರ್ಚ್ 31ರಂದು ಅಡಕೆ ವ್ಯಾಪಾರದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಗೋದಾಮಿಗೆ ನನ್ನನ್ನು ಕಳಿಸಿದ್ದರು. ಮೂರು ವರ್ಷಗಳಲ್ಲಿ ನಾನು ಕಂಡ ಒಂದೇ ಒಂದು ದಾಸ್ತಾನು ಎಣಿಕೆ ಅದು. ಪುಸ್ತಕದಲ್ಲಿ 412 ಮೂಟೆ ಎಂದಿತ್ತು. ನಾನೂ 412 ಎಣಿಸಿ, ಹಸಿರು ಶಾಯಿಯಲ್ಲಿ ಟಿಕ್ ಹಾಕಿ, ಸಾರ್ಥಕ ಭಾವದಿಂದ ಮರಳಿದೆ. ಮರುದಿನ ನಮ್ಮ ಹಿರಿಯ ಆಡಿಟರು, "ಎಷ್ಟು ಮೂಟೆ ಬಿಚ್ಚಿಸಿದೆಯಪ್ಪಾ?" ಎಂದು ಕೇಳಿದರು. ಒಂದನ್ನೂ ಬಿಚ್ಚಿಸಿರಲಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಕೆಯ ದರ್ಜೆಗಳೆಲ್ಲವೂ ಗೋಣಿಚೀಲದ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ, ಆದರೆ ಸರಕಿಗೂ ಗೊರಬಲಿಗೂ ಕ್ವಿಂಟಾಲಿಗೆ ಹತ್ತಾರು ಸಾವಿರ ರೂಪಾಯಿಯ ಅಂತರವಿದೆ ಎಂಬುದು ಅಡಕೆ ಸೀಮೆಯಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗೊತ್ತಿದ್ದೂ ಕೇಳಿರಲಿಲ್ಲ. ಅವರ ಎರಡನೆಯ ಪ್ರಶ್ನೆ ಇನ್ನೂ ಹರಿತವಾಗಿತ್ತು: ಬೆಲೆ ಏರಲೆಂದು ಕಾದು ಬೆಳೆಗಾರರು ಅಲ್ಲಿಯೇ ಬಿಟ್ಟುಹೋದ ಮೂಟೆಗಳೆಷ್ಟು, ಕಂಪನಿಯ ಸ್ವಂತದ್ದೆಷ್ಟು? ಮೂರನೆಯದು, ಪುಸ್ತಕ ಹಿಡಿದು ಮೂಟೆಯ ಕಡೆಗೆ ಹೋದೆಯೋ, ಮೂಟೆ ನೋಡಿ ಪುಸ್ತಕದ ಕಡೆಗೆ ಬಂದೆಯೋ? ಮೊದಲನೆಯ ದಾರಿಯಲ್ಲಿ ಹೋದವನಿಗೆ ಇಲ್ಲದ್ದನ್ನು ಬರೆದಿದ್ದರೆ ತಿಳಿಯುತ್ತದೆ. ಇರುವುದನ್ನು ಬರೆಯದೆ ಬಿಟ್ಟಿದ್ದರೆ ತಿಳಿಯಬೇಕಾದರೆ ಎರಡನೆಯ ದಾರಿಯಲ್ಲಿಯೂ ನಡೆಯಬೇಕು. ಇದೆಯೇ, ನಮ್ಮದೇ, ಇರುವುದೆಲ್ಲ ಬರೆದಿದೆಯೇ, ಕಟ್ಟಿದ ಬೆಲೆ ಸರಿಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಇಂಗ್ಲೆಂಡಿನ ಕಚೇರಿಗಳಲ್ಲಿ ಎಷ್ಟೋ ದಿನಗಳ ತರಬೇತಿಯಲ್ಲಿ ಪರದೆಯ ಮೇಲೆ ತೋರಿಸಿ ಕಲಿಸುತ್ತಾರೆ. ನನಗೆ ಅವನ್ನು ಕಲಿಸಿದ್ದು ಬಿಚ್ಚದೆ ಬಿಟ್ಟುಬಂದ ಆ ಮೂಟೆಗಳು.

ಇಂಥ ಗುರುಗಳಿದ್ದೂ ಮೂರು ವರ್ಷದಲ್ಲಿ ಒಂದೇ ಎಣಿಕೆ ಏಕೆ? ಲೆಕ್ಕ ಸರಳವಾಗಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಭಾರತದ ಪ್ರತಿಯೊಂದು ಕಂಪನಿಯೂ, ಅದರ ವಹಿವಾಟು ಎಷ್ಟೇ ಚಿಕ್ಕದಿರಲಿ, ಒಬ್ಬನೇ ಸದಸ್ಯನ ಕಂಪನಿಯೇ ಆಗಿರಲಿ, ಆಡಿಟ್ ಮಾಡಿಸಲೇಬೇಕು. ಅದೇ ಕಾಯ್ದೆಯ ಪ್ರಕಾರ, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಲ್ಲ ಕಂಪನಿಗಳ ಹಣಕಾಸು ವರ್ಷ ಮುಗಿಯುವುದೂ ಮಾರ್ಚ್ 31ರಂದೇ. ಅರವತ್ತು ಕಂಪನಿಗಳ ಆಡಿಟ್ ಹಿಡಿದ, ನಾಲ್ವರು ಆರ್ಟಿಕಲ್ ಹುಡುಗರಿರುವ ಕಚೇರಿ ಆ ಒಂದು ದಿನ ಎಷ್ಟು ಗೋದಾಮುಗಳಿಗೆ ಹೋಗಲು ಸಾಧ್ಯ? ಬೇರೆ ದಿನ ಎಣಿಸಿ ನಡುವಿನ ಖರೀದಿ, ಮಾರಾಟಗಳನ್ನು ಹೊಂದಿಸಿಕೊಳ್ಳಲು ಮಾನದಂಡದಲ್ಲಿ ಅವಕಾಶವೇನೋ ಇದೆ, ಆದರೆ ಸಣ್ಣ ಕಂಪನಿ ಕೊಡುವ ಶುಲ್ಕದಲ್ಲಿ ಆ ಕೆಲಸ ಗಿಟ್ಟುವುದಿಲ್ಲ. ಹಾಗಾಗಿ ಜುಲೈಯಲ್ಲೋ ಆಗಸ್ಟಿನಲ್ಲೋ ಕಡತ ತೆರೆದಾಗ ಅದರಲ್ಲಿ ಸೇರುವುದು ನಿರ್ದೇಶಕರು ಸಹಿ ಮಾಡಿದ ದಾಸ್ತಾನಿನ ಪ್ರಮಾಣಪತ್ರ. ಕಿಂಗ್‌ಸ್ಟನ್ ಗಿರಣಿಯ ಮ್ಯಾನೇಜರು ಕೊಟ್ಟದ್ದೂ ಅದನ್ನೇ.

ಬ್ರಿಟನ್ನಿನಲ್ಲಿ ಕಂಪನಿಗಳು ವರ್ಷಾಂತ್ಯದ ದಿನಾಂಕವನ್ನು ತಾವೇ ಆರಿಸಿಕೊಳ್ಳಬಹುದು. ಡಿಸೆಂಬರ್ ಮತ್ತು ಮಾರ್ಚ್ ತಿಂಗಳಲ್ಲಿ ಇಲ್ಲಿಯೂ ನೂಕುನುಗ್ಗಲು ಇದ್ದದ್ದೇ, ಆದರೂ ಕೆಲಸ ವರ್ಷದುದ್ದಕ್ಕೂ ಹರಡಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಣ್ಣ ಕಂಪನಿಗಳಿಗಿರುವ ವಿನಾಯಿತಿ. 2025ರ ಏಪ್ರಿಲ್ 6ರಿಂದಾಚೆಗೆ ಆರಂಭವಾಗುವ ವರ್ಷಗಳಿಗೆ, ವಹಿವಾಟು 1.5 ಕೋಟಿ ಪೌಂಡ್, ಒಟ್ಟು ಆಸ್ತಿ 75 ಲಕ್ಷ ಪೌಂಡ್, ನೌಕರರು 50 ಎಂಬ ಮೂರು ಮಿತಿಗಳಲ್ಲಿ ಯಾವುದಾದರೂ ಎರಡರೊಳಗೆ ಇರುವ ಕಂಪನಿಗೆ, ಬ್ಯಾಂಕು, ವಿಮೆ ಮುಂತಾದ ಕೆಲವನ್ನು ಹೊರತುಪಡಿಸಿದರೆ, ಆಡಿಟ್ ಕಡ್ಡಾಯವಲ್ಲ. ನಮ್ಮ ರೂಪಾಯಿಯಲ್ಲಿ ಆ ವಹಿವಾಟು 150 ಕೋಟಿಯನ್ನು ಮೀರುತ್ತದೆ. ಶಿವಮೊಗ್ಗದ ನನ್ನ ಹಳೆಯ ಕಚೇರಿಯ ಕಂಪನಿಗಳಲ್ಲಿ ಆ ಗಡಿಯನ್ನು ಮುಟ್ಟಿದ್ದು ಒಂದೂ ಇರಲಿಲ್ಲ. ಶೇ. 10ರಷ್ಟು ಷೇರು ಹೊಂದಿದವರು ಬರೆದು ಕೇಳಿದರೆ ಮಾತ್ರ ವಿನಾಯಿತಿ ಉಳಿಯುವುದಿಲ್ಲ. ಯಾರಿಗೋ ಬೇಕಾದಲ್ಲಿ ಆಡಿಟ್ ಇರುತ್ತದೆ, ಯಾರಿಗೂ ಬೇಡವಾದಲ್ಲಿ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಷೇರುದಾರರೂ ನಿರ್ದೇಶಕರೂ ಆಗಿರುವ ಕಂಪನಿಯಲ್ಲಿ ಆಡಿಟರು ಯಾರಿಗೆ ವರದಿ ಸಲ್ಲಿಸುತ್ತಾನೆ ಎಂದು ಕೇಳಿದರೆ ನಮ್ಮಲ್ಲಿ ಸಿಗುವ ಪ್ರಾಮಾಣಿಕ ಉತ್ತರ, ಬ್ಯಾಂಕಿನ ಸಾಲ ವಿಭಾಗಕ್ಕೆ ಎಂಬುದು.

ಭಾರತದಲ್ಲಿ ಈ ಪ್ರಶ್ನೆ ಎದ್ದಿಲ್ಲವೆಂದಲ್ಲ. ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವು 2021ರಲ್ಲಿ ಸಣ್ಣ ಕಂಪನಿಗಳ ಕಡ್ಡಾಯ ಆಡಿಟ್ ಕುರಿತು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ವೃತ್ತಿಯವರಲ್ಲಿ ದೊಡ್ಡ ವಿರೋಧ ಎದ್ದಿತು. ಆ ವಿರೋಧ ನನಗೆ ಅರ್ಥವಾಗುತ್ತದೆ, ಏಕೆಂದರೆ ಜಿಲ್ಲಾ ಕೇಂದ್ರಗಳ ಎಷ್ಟೋ ಕಚೇರಿಗಳ ಅನ್ನ ಅದರಲ್ಲಿದೆ. ನನ್ನ ಮೂರು ವರ್ಷದ ಸ್ಟೈಪೆಂಡೂ ಅಲ್ಲಿಂದಲೇ ಬಂದದ್ದು. ಆದರೆ ಎಲ್‌ಎಲ್‌ಪಿ ಎಂಬ ಸೀಮಿತ ಹೊಣೆಯ ಪಾಲುದಾರಿಕೆಗಳಿಗೆ ನಮ್ಮಲ್ಲಿಯೇ 40 ಲಕ್ಷ ವಹಿವಾಟು ಅಥವಾ 25 ಲಕ್ಷ ಬಂಡವಾಳದ ಮಿತಿಯೊಳಗೆ ಆಡಿಟಿನಿಂದ ವಿನಾಯಿತಿ ಇರುವಾಗ, ಕಂಪನಿ ಎಂಬ ಹೆಸರು ಹೊತ್ತ ಮಾತ್ರಕ್ಕೆ ಅಷ್ಟೇ ಗಾತ್ರದ ಅಂಗಡಿಗೆ ಅದು ಏಕೆ ಬೇಕೆಂಬುದಕ್ಕೆ ತೃಪ್ತಿಕರ ಉತ್ತರವನ್ನು ನಾನು ಇನ್ನೂ ಕೇಳಿಲ್ಲ.

ವಿದ್ಯಾರ್ಥಿಯ ದೃಷ್ಟಿಯಿಂದ ಇದರ ಹಾನಿ ಬೇರೆಯೇ ಬಗೆಯದು. ಆಡಿಟರೇ ಕಂಪನಿಯ ಲೆಕ್ಕ ಬರೆಯಬಾರದೆಂದು 2013ರ ಕಾಯ್ದೆಯ 144ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಸಣ್ಣ ಕಂಪನಿಯಲ್ಲಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಕೂತು ಬರೆಯುವ ಗುಮಾಸ್ತ ಕೆಲಸ ಬಿಟ್ಟುಹೋದರೆ ಕರೆ ಬರುವುದು ಆಡಿಟರಿಗೆ, ಅಲ್ಲಿಗೆ ಹೋಗಿ ಕೂರುವುದು ಆರ್ಟಿಕಲ್ ಹುಡುಗ. ಜೂನಿನಲ್ಲಿ ತಾನೇ ಏರಿಸಿದ ನಮೂದುಗಳಿಗೆ ಸೆಪ್ಟೆಂಬರಿನಲ್ಲಿ ತಾನೇ ಟಿಕ್ ಹಾಕುವ ಹುಡುಗನಿಗೆ ಸ್ವತಂತ್ರ ಪರಿಶೋಧನೆ ಎಂದರೇನೆಂದು ಯಾವ ಪಠ್ಯ ತಿಳಿಸೀತು? ವೋಚಿಂಗ್, ಅಂದರೆ ನಮೂದನ್ನು ಅದರ ವೋಚರಿನೊಡನೆ ತಾಳೆ ನೋಡುವುದು, ಆಡಿಟಿನ ಬೆನ್ನೆಲುಬು ಎಂದು ಅವನು ಓದಿರುತ್ತಾನೆ. ವೋಚರನ್ನು ಹೊಂದಿಸಿಟ್ಟವನೂ ಅವನೇ ಆಗಿರುತ್ತಾನೆ.

ಇಷ್ಟು ಹೇಳಿದ ಮೇಲೆ ಇಲ್ಲಿಯವರನ್ನು ಹೊಗಳುತ್ತ ಕೂರುವುದು ನನ್ನಿಂದಾಗದು. ಲೀಡ್ಸಿನಲ್ಲಿ ನನ್ನ ಕೈಕೆಳಗೆ ಬರುವ ಹೊಸಬರು ಅಪಾಯವನ್ನು ಅಂದಾಜು ಮಾಡುವುದರಲ್ಲಿ, ಮಾಡಿದ್ದನ್ನೆಲ್ಲ ಕಡತದಲ್ಲಿ ಬರೆದಿಡುವುದರಲ್ಲಿ ನಿಪುಣರು. ಬರೆಯದಿದ್ದರೆ ಮಾಡಿಲ್ಲವೆಂದೇ ಅರ್ಥ ಎಂಬ ಮಾತು ಅವರಿಗೆ ಮೊದಲ ವಾರದಲ್ಲಿಯೇ ಮನದಟ್ಟಾಗಿರುತ್ತದೆ. ಆದರೆ ಒಂದು ವ್ಯಾಪಾರದ ರೋಕಡಿಯಿಂದ ಅಢಾವೆ ಪತ್ರಿಕೆಯವರೆಗಿನ ಇಡೀ ಲೆಕ್ಕವನ್ನು ಅವರಲ್ಲಿ ಹೆಚ್ಚಿನವರು ಒಮ್ಮೆಯೂ ಕೈಯಾರೆ ಕಟ್ಟಿರುವುದಿಲ್ಲ, ಆದ್ದರಿಂದ ಲೆಕ್ಕದಲ್ಲಿ ಏನೋ ಸರಿಯಿಲ್ಲವೆಂಬ ವಾಸನೆ ಅವರಿಗೆ ತಡವಾಗಿ ಬಡಿಯುತ್ತದೆ. ದೊಡ್ಡ ಸಂಸ್ಥೆಗಳ ಹಣೆಬರಹವೂ ಬೇರೆಯಲ್ಲ. ಕಟ್ಟಡ ಮತ್ತು ಸೇವೆಗಳ ಗುತ್ತಿಗೆಯ ಕ್ಯಾರಿಲಿಯನ್ ಕಂಪನಿಯ 2016ರ ಲೆಕ್ಕಗಳಿಗೆ 2017ರ ಮಾರ್ಚಿನಲ್ಲಿ ಶುದ್ಧ ವರದಿ ಸಿಕ್ಕಿತು. ಜುಲೈಯಲ್ಲಿ ಅದೇ ಕಂಪನಿ ಗುತ್ತಿಗೆಗಳ ಮೇಲೆ 84.5 ಕೋಟಿ ಪೌಂಡ್ ನಷ್ಟವನ್ನು ಒಪ್ಪಿಕೊಂಡಿತು. 2018ರ ಜನವರಿಯಲ್ಲಿ ಮುಳುಗಿತು. ಹುಟ್ಟಿದಾಗಿನಿಂದ, ಅಂದರೆ 19 ವರ್ಷ, ಅದಕ್ಕೆ ಒಬ್ಬರೇ ಆಡಿಟರು, ಕೆಪಿಎಂಜಿ ಸಂಸ್ಥೆ. ಆ ಕೆಲಸದ ಲೋಪಗಳಿಗಾಗಿ ಇಲ್ಲಿನ ನಿಯಂತ್ರಕರು 2023ರಲ್ಲಿ ಕೆಪಿಎಂಜಿಗೆ 2.1 ಕೋಟಿ ಪೌಂಡ್ ದಂಡ ಹಾಕಿದರು. ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಯಲ್ಲಿ ಒಂದೇ ಆಡಿಟ್ ಸಂಸ್ಥೆ ಇಲ್ಲಿ 20 ವರ್ಷದವರೆಗೆ ಉಳಿಯಬಹುದು, ಹತ್ತನೆಯ ವರ್ಷ ಟೆಂಡರ್ ಕರೆದರೆ ಸಾಕು. ಭಾರತದಲ್ಲಿ ಐದೈದು ವರ್ಷದ ಎರಡು ಅವಧಿ ಮುಗಿದರೆ ಹೊರನಡೆಯಬೇಕು. ಈ ಒಂದು ವಿಷಯದಲ್ಲಿ ನಮ್ಮ ನಿಯಮವೇ ಮೇಲು ಎಂದು ನಾನು ಇಲ್ಲಿನ ಸಹೋದ್ಯೋಗಿಗಳಿಗೆ ಹೇಳುತ್ತ ಬಂದಿದ್ದೇನೆ, ಅವರು ಒಪ್ಪಿದ್ದು ಕಡಿಮೆ.

ಎರಡೂ ಕಡೆಗೆ ಅನ್ವಯಿಸುವ ಪಾಠವೆಂದರೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನದು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಅಡಕೆಯ ಮೂಟೆಯಂತೆ ಬಿಚ್ಚಿ ನೋಡಬೇಕಾದ ವಸ್ತುವಲ್ಲ ಅದು; ಬ್ಯಾಂಕಿಗೆ ಒಂದು ಪತ್ರ ಬರೆದರೆ ತಿಳಿಯಬೇಕಾದ ಸಂಗತಿ. ಪತ್ರಗಳೇನೋ ಹೋಗಿದ್ದವು, ಆದರೆ ಅವನ್ನು ಕಳಿಸುವ ಹೊಣೆಯನ್ನು ಕಂಪನಿಯವರ ಕೈಗೇ ಬಿಡಲಾಗಿತ್ತು ಎಂದು ಅಮೆರಿಕದ ನಿಯಂತ್ರಕರು 2011ರ ಆದೇಶದಲ್ಲಿ ದಾಖಲಿಸಿದರು. ಕಾಗದದಲ್ಲಿ ಏನಿದೆ ಎಂಬುದಕ್ಕಿಂತ ಅದು ಯಾರ ಕೈ ದಾಟಿ ಬಂತು ಎಂಬುದೇ ಅಲ್ಲಿ ಎಲ್ಲವನ್ನೂ ನಿರ್ಧರಿಸಿತು.

ಹುಬ್ಬಳ್ಳಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿರುವ ನನ್ನ ಅಕ್ಕನ ಮಗ ಕಳೆದ ಸೆಪ್ಟೆಂಬರಿನಲ್ಲಿ, ಕೆಲಸದ ಒತ್ತಡ ವಿಪರೀತವಿದ್ದ ದಿನಗಳಲ್ಲಿ, ಫೋನ್ ಮಾಡಿ, "ಮಾವ, ಬ್ಯಾಂಕಿನ ಪತ್ರವನ್ನು ಕಂಪನಿಯ ಅಕೌಂಟೆಂಟರೇ ಕೈಯಲ್ಲಿ ತಂದುಕೊಟ್ಟರು, ಇಟ್ಟುಕೊಳ್ಳಲಾ?" ಎಂದು ಕೇಳಿದ. ಇಟ್ಟುಕೋ, ಆದರೆ ಯಾರು ತಂದರು, ಯಾವ ದಿನ, ಲಕೋಟೆ ಅಂಟಿಸಿತ್ತೋ ತೆರೆದಿತ್ತೋ ಎಂದು ಕೆಳಗೆ ಬರೆ, ಬ್ಯಾಂಕಿಗೆ ನಿಮ್ಮ ಕಚೇರಿಯಿಂದಲೇ ಇನ್ನೊಂದು ಪತ್ರ ಹಾಕು ಎಂದೆ. ಮೂರನ್ನೂ ಬರೆದನಂತೆ. ಎರಡನೆಯ ಪತ್ರಕ್ಕೆ ಅವನ ಹಿರಿಯರು ಸಹಿ ಹಾಕಿದರೋ ಇಲ್ಲವೋ, ಅದನ್ನು ಮಾತ್ರ ಅವನು ಇನ್ನೂ ಹೇಳಿಲ್ಲ.