ಮೈನಸ್ ಒಂಬತ್ತರ ಕೊಲೆ ಪ್ರಕರಣ

ನಾನೊಂದು ಸರ್ವರನ್ನು ಕೊಂದಿದ್ದೇನೆ. ಗಟ್ಟಿಮುಟ್ಟಾಗಿದ್ದ ಸರ್ವರ್. ತನ್ನ ಪಾಡಿಗೆ ತಾನು ಹಣದ ವ್ಯವಹಾರ ನೋಡಿಕೊಂಡು ಸುಮ್ನೆ ಇತ್ತು.

ವೆಬ್‌ಸೈಟಿನಲ್ಲಿ ಯಾರಾದರೂ ಪಾವತಿ ಬಟನ್ ಒತ್ತಿದರೆ ಹಿಂದಿನಿಂದ ಲೆಕ್ಕ ನೋಡುವ ಸರ್ವರ್ ಅದು. ಹಣ ಕಳೆ, ಆರ್ಡರ್ ಬರೆ. ಎರಡೂ ಆದರೆ ಕಮಿಟ್, ಅಂದರೆ ಪಕ್ಕಾ; ಒಂದು ಕೆಟ್ಟರೂ ರೋಲ್‌ಬ್ಯಾಕ್, ಅಂದರೆ ಎಲ್ಲ ವಾಪಸ್; ಅರ್ಧಂಬರ್ಧದ ಮಾತೇ ಇಲ್ಲ. ಮೌಸು, ಬಟನ್ನು ಒಂದೂ ಇಲ್ಲ. ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ, ಒಳಗೆ ಹೋದರೆ ಕಪ್ಪು ಪರದೆ, ಮಿಣುಕುವ ಕರ್ಸರ್, ಅಷ್ಟೇ. ಕೊಟ್ಟ ಕೆಲಸ ಸರಿಯಾಗಿ ಆದರೆ ತುಟಿ ಬಿಚ್ಚುವುದಿಲ್ಲ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ವಂಶದವರೇ ಹಾಗೆ, ಕೆಟ್ಟಾಗ ಮಾತ್ರ ಮಾತು.

ಆವತ್ತು ‘ಟೈಲ್ ಮೈನಸ್ ಎಫ್’ ಆಜ್ಞೆ ಹಾಕಿಕೊಂಡು ಲಾಗ್, ಅಂದರೆ ಸರ್ವರ್ ಬರೆಯುವ ದಿನಚರಿ, ಬರೆದಂತೆಲ್ಲ ನೋಡುತ್ತಾ ಕೂತಿದ್ದೆ. ಸಾಲುಗಳು ಸರಸರ ಮೇಲೇರುತ್ತಿದ್ದವು. ಯಶಸ್ವಿ, ಯಶಸ್ವಿ, ಯಶಸ್ವಿ. ನನ್ನ ಜೀವನದಲ್ಲಿ ಆ ಪದ ಅಷ್ಟು ಸಲ ಕಾಣುವುದು ಅಲ್ಲೊಂದೇ ಕಡೆ. ಪಕ್ಕದ ವಿಂಡೋದಲ್ಲಿ ಇನ್ನೇನೋ ಟೈಪ್ ಮಾಡುತ್ತಿದ್ದೆ, ಅದಕ್ಕೂ ಇದಕ್ಕೂ ಓಡಾಡುತ್ತಿದ್ದೆ.

ಇದ್ದಕ್ಕಿದ್ದಂತೆ ಲಾಗ್ ನಿಂತಿತು.

ಐದು ಸೆಕೆಂಡ್ ಕಾದೆ. ಇಪ್ಪತ್ತು ಸೆಕೆಂಡ್ ಕಾದೆ. ಒಂದೂ ಸಾಲು ಇಲ್ಲ. ಡಿಸ್ಕ್ ತುಂಬಿತೇನೋ ಎಂದು ಹೊಸ ವಿಂಡೋ ತೆಗೆದು ‘ಡಿಎಫ್ ಮೈನಸ್ ಎಚ್’ ಹೊಡೆದರೆ ಅರ್ಧವೂ ತುಂಬಿಲ್ಲ. ‘ಟಾಪ್’ ನೋಡಿದೆ, ಸಿಪಿಯು ಆರಾಮಾಗಿದೆ. ಇದೇ ನನ್ನ ಎದೆ ನಡುಗಿಸಿದ್ದು. ಕೆಲಸ ಮಾಡುತ್ತಿದ್ದರೆ ಇಷ್ಟು ಆರಾಮಾಗಿ ಇರುತ್ತಾ? ದಿನಾಲೂ ಅದು ಹಾಗೇ ಇರುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಯಾರೊಬ್ಬರಿಂದಲೂ ದೂರು ಬಂದಿರಲಿಲ್ಲ, ಅದಕ್ಕೂ ನನ್ನ ಹತ್ತಿರ ಉತ್ತರ ರೆಡಿ ಇತ್ತು: ದೂರು ಕೊಡುವ ಪುಟವೂ ಬಿದ್ದಿರಬೇಕು ಪಾಪ.

ಸರಿ, ನಿಲ್ಲಿಸಿ ಮತ್ತೆ ಶುರು ಮಾಡೋಣ ಎಂದುಕೊಂಡೆ. ಸುಮ್ನೆ ‘ಕಿಲ್’ ಎಂದರೆ ಪ್ರೋಗ್ರಾಮಿಗೆ ಹೋಗುವುದು 15ನೇ ಸಿಗ್ನಲ್, ಅಂದರೆ ‘ನಿಲ್ಲು’ ಎಂಬ ಸೂಚನೆ. ಅದು ಮರ್ಯಾದಸ್ಥರ ದಾರಿ, ಸರ್ವರ್ ಹೊಸಬರನ್ನು ಒಳಗೆ ಬಿಡದೆ, ಕೈಯಲ್ಲಿರುವ ವ್ಯವಹಾರ ಮುಗಿಸಿ, ಬಾಗಿಲು ಹಾಕಿಕೊಂಡು ಹೊರಡುತ್ತದೆ. ಮೊದಲು ಅದನ್ನೇ ಹೊಡೆದೆ, ಆದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನನಗೆ ಅಷ್ಟೂ ಇರಲಿಲ್ಲ. ಒಂದು ನಿಮಿಷ ಕಾದು ‘ಕಿಲ್ ಮೈನಸ್ 9’ ಹೊಡೆದೆ. ಈ ಒಂಬತ್ತು ಪ್ರೋಗ್ರಾಮಿನ ಕಿವಿಗೆ ಬೀಳುವುದೇ ಇಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ನೇರವಾಗಿ ಕತ್ತು ಹಿಡಿದು ಆಚೆ ಹಾಕುತ್ತದೆ, ಚಪ್ಪಲಿ ಮೆಟ್ಟಲೂ ಬಿಡದೆ.

ಮತ್ತೆ ಶುರು ಮಾಡಲು ಹೋದರೆ ಆಗಲ್ಲ ಎಂದಿತು. ಓಡುತ್ತಿರುವ ಪ್ರೋಗ್ರಾಮಿನ ನಂಬರ್ ಬರೆದಿಡುವ ಪಿಐಡಿ ಫೈಲ್ ಹಾಗೇ ಉಳಿದಿತ್ತು. ಸತ್ತವನ ಹೆಸರಿನ ಚೀಟಿ ಹಿಡಿದುಕೊಂಡು ‘ಅವನು ಇನ್ನೂ ಇದ್ದಾನಲ್ಲ’ ಎಂಬ ವಾದ. ಚೀಟಿ ಅಳಿಸಿದ ಮೇಲೆ ಎದ್ದಿತು. ಕಮಿಟ್ ಆಗದೆ ಉಳಿದವುಗಳಲ್ಲಿ ಜಾಸ್ತಿ ಪಾಲನ್ನು ಡೇಟಾಬೇಸೇ ರೋಲ್‌ಬ್ಯಾಕ್ ಮಾಡಿತ್ತು, ಸಂಪರ್ಕ ಕಡಿದರೆ ಅದು ತಾನಾಗೇ ಹಾಗೆ ಮಾಡುತ್ತದೆ. ತಲೆನೋವು ತಂದಿದ್ದು ಎರಡು ಹಂತದ ಕಮಿಟ್‌ನಲ್ಲಿ ನಡುವೆ ಸಿಕ್ಕಿಕೊಂಡವು. ಮೊದಲ ಹಂತದಲ್ಲಿ ಎಲ್ಲರನ್ನೂ ‘ರೆಡಿನಾ?’ ಎಂದು ಕೇಳುತ್ತಾರೆ, ಎರಡನೆಯದರಲ್ಲಿ ‘ಹೂಂ, ಮಾಡಿ’ ಎನ್ನುತ್ತಾರೆ. ಇವು ರೆಡಿ ಎಂದು ಹೇಳಿ ಓಟದ ಗೆರೆಯ ಮೇಲೆ ಬಗ್ಗಿ ನಿಂತಿದ್ದವು. ಸೀಟಿ ಊದಬೇಕಾದವನನ್ನು ನಾನು ಮುಗಿಸಿಬಿಟ್ಟಿದ್ದೆ. ಸುಮ್ನೆ ನಿಂತಿದ್ದರೂ ಆಗುತ್ತಿತ್ತು, ಟೇಬಲ್ಲಿನ ಸಾಲುಗಳಿಗೆ ಬೀಗ ಬೇರೆ ಹಾಕಿಕೊಂಡು ನಿಂತಿದ್ದವು! ಒಂದೊಂದನ್ನೇ ಹುಡುಕಿ, ಪಾವತಿ ಗೇಟ್‌ವೇ ಪಟ್ಟಿಗೆ ತಾಳೆ ನೋಡಿ, ಇದು ಕಮಿಟ್ ಇದು ರೋಲ್‌ಬ್ಯಾಕ್ ಎಂದು ವಿಂಗಡಿಸುವಷ್ಟರಲ್ಲಿ ಸಂಜೆಯಾಯಿತು.

ಆಗ ನಮ್ಮ ಹಿರಿಯ ಮೇಡಂ ಬಂದು ನನ್ನ ಮೊದಲ ವಿಂಡೋ ನೋಡಿದರು.

“ಇದ್ಯಾಕೆ ನಿಂತಿದೆ?”

“ಅದೇ ಮೇಡಂ, ಬೆಳಿಗ್ಗೆ ಸರ್ವರ್ ಹ್ಯಾಂಗ್ ಆಗಿತ್ತಲ್ಲ...”

ಅವರು ಏನೂ ಹೇಳದೆ ಕೈ ಚಾಚಿ ಕಂಟ್ರೋಲ್ ಕ್ಯೂ ಒತ್ತಿದರು.

ಕಟ್ಟೆ ಒಡೆದ ಹಾಗೆ ಬಂತು ಲಾಗ್. ಯಶಸ್ವಿ, ಯಶಸ್ವಿ, ಯಶಸ್ವಿ. ನಾನು ಇಪ್ಪತ್ತು ಸೆಕೆಂಡ್ ಕಾದ ಹೊತ್ತಿನಲ್ಲೂ ಯಶಸ್ವಿ, ದೂರು ಪುಟದ ಬಗ್ಗೆ ಮರುಗಿದ ಹೊತ್ತಿನಲ್ಲೂ ಯಶಸ್ವಿ. ಆಮೇಲೆ ‘ನಿಲ್ಲಲು ಸೂಚನೆ ಬಂದಿದೆ, ಬಾಕಿ ವ್ಯವಹಾರ ಮುಗಿಸಲಾಗುತ್ತಿದೆ’ ಎಂಬರ್ಥದ ಸಾಲು. ಅದರ ಕೆಳಗೆ ಅರ್ಧಕ್ಕೆ ತುಂಡಾದ ಒಂದು ಸಾಲು.

ಟರ್ಮಿನಲ್‌ನಲ್ಲಿ, ಅಂದರೆ ಆ ಕಪ್ಪು ಪರದೆಯಲ್ಲಿ, ಕಂಟ್ರೋಲ್ ಎಸ್ ಎಂದರೆ ಸೇವ್ ಅಲ್ಲವಂತೆ, ‘ಸ್ವಲ್ಪ ತಡಿ’ ಅಂತ. ಟೆಲಿಪ್ರಿಂಟರ್ ಕಾಲದಿಂದ ಬಂದ ಪದ್ಧತಿ: ಅಕ್ಷರಗಳಿಗೆ ಕೊಟ್ಟ ಆಸ್ಕಿ ನಂಬರುಗಳಲ್ಲಿ 19 (ಕಂಟ್ರೋಲ್ ಎಸ್) ಎಂದರೆ ನಿಲ್ಲು, 17 (ಕಂಟ್ರೋಲ್ ಕ್ಯೂ) ಎಂದರೆ ಮುಂದುವರಿಸು. ಎರಡು ಪದಕ್ಕೊಮ್ಮೆ ಸೇವ್ ಒತ್ತುವ ಚಾಳಿ ನನ್ನದು, ಬೆರಳು ತಪ್ಪಿ ಲಾಗ್ ವಿಂಡೋದಲ್ಲಿ ಒತ್ತಿದ್ದೆ. ನಿಂತಿದ್ದು ನನ್ನ ಪರದೆ ಮಾತ್ರ.

ಈ ಪದ್ಧತಿಯನ್ನು ಬಂದ್ ಮಾಡಲು ‘ಎಸ್‌ಟಿಟಿವೈ ಮೈನಸ್ ಐಕ್ಸಾನ್’ ಎಂಬ ಒಂದೇ ಸಾಲು ಸಾಕು ಎಂದು ಮೇಡಂ ಹೇಳಿ ಹೋದರು. ಕೂಡಲೇ ಟರ್ಮಿನಲ್‌ನಲ್ಲೇ ಓಡುವ ನಮ್ಮ ಹಳೇ ವಿಮ್ ಎಡಿಟರ್‌ನಲ್ಲಿ ಬ್ಯಾಶ್‌ಆರ್‌ಸಿ ಎಂಬ ಸೆಟ್ಟಿಂಗ್ ಫೈಲ್ ತೆರೆದೆ, ಆ ಸಾಲು ಬರೆದೆ, ಅಕ್ಷರ ಅಕ್ಷರ ನೋಡಿ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಕಂಟ್ರೋಲ್ ಎಸ್ ಒತ್ತಿದೆ.

ಪರದೆ ನಿಂತಿತು.