ಎಂಟು ಗಂಟೆ ದಾಟಿದ ಮೇಲೆ
ದಿನಕ್ಕೆ 12 ಗಂಟೆ ದುಡಿದರೆ ವಾರಕ್ಕೆ ಮೂರು ದಿನ ರಜೆ, ಕಾರ್ಮಿಕರಿಗೂ ಅನುಕೂಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಪೀಣ್ಯದಲ್ಲಿ ಪ್ರೆಸ್ ಶಾಪಿನಲ್ಲಿ, ಅಂದ್ರೆ ಲೋಹದ ತಗಡು ಒತ್ತಿ ಬಿಡಿಭಾಗ ಮಾಡೋ ಕಡೆ, ಕೆಲಸ ಮಾಡೋನು ಸರ್. ಪವರ್ ಪ್ರೆಸ್ಸಿಗೆ ಒಟ್ಟಿಗೇ ಒತ್ತಬೇಕಾದ ಎರಡು ಬಟನ್ ಇರೋದು ಎರಡೂ ಕೈ ಡೈನಿಂದ (ತಗಡು ಒತ್ತೋ ಅಚ್ಚಿನಿಂದ) ಹೊರಗಿರಲಿ ಅಂತ. ಎಂಟು ಗಂಟೆ ದಾಟಿದ ಮೇಲೆ, ಅದರಲ್ಲೂ ರಾತ್ರಿ ಪಾಳಿಯಲ್ಲಿ, ಟಾರ್ಗೆಟ್ ಮುಟ್ಟಿಸೋ ಅವಸರಕ್ಕೆ ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿ ಓಡಿಸೋರನ್ನ ಕಂಡಿದ್ದೀನಿ. ಬೆರಳು ಹೋಗೋದು ಆಗಲೇ. 2023ರ ರಾಜ್ಯದ ತಿದ್ದುಪಡಿ ಮೂರು ತಿಂಗಳ ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ) ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ಓಟಿಗೆ ಎರಡು ಪಟ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆಯಿಂದಲೂ ಇದೆ, ಆದರೆ ಕಾಂಟ್ರಾಕ್ಟ್ ಹುಡುಗರಲ್ಲಿ ಎಷ್ಟೋ ಜನಕ್ಕೆ ಒಂದೇ ಪಟ್ಟು ಸಿಗೋದು. ರಜೆ ಕೊಟ್ಟರೂ ಆ ದಿನ ಇನ್ನೊಂದು ಶೆಡ್ಡಿಗೆ ಹೋಗ್ತಾರೆ, ಮನೆ ಬಾಡಿಗೆ ಕಟ್ಟಬೇಕಲ್ಲ. ಇದರ ಬಗ್ಗೆ ಮತ್ತೆ ಬರೆಯೋ ಮುಂಚೆ ದಯವಿಟ್ಟು ರಾತ್ರಿ ಪಾಳಿ ಬಿಡೋ ಹೊತ್ತಿಗೆ ಗೇಟಿನ ಹತ್ತಿರ ಬಂದು ನಾಲ್ಕು ಜನರನ್ನ ಮಾತಾಡಿಸಿ.